ದೊಡ್ಡಮ್ಮ ಗುಡಿಸಿದ ಹೊಲ

ಎಲ್ಲ ಅವಾಂತರಕ್ಕೂ ಕಾರಣ, ಸಲಹೆ ಸಾರ್ ಹಿಂದಿನ ದಿನ ಫೋನಿನಲ್ಲಿ ಆಡಿದ ಎರಡೇ ಎರಡು ಪದ. "ದೊಡ್ಡಮ್ಮಾ, ನಾಳೆ ಮಧ್ಯಾಹ್ನ ಸಂಸ್ಥೆಯೋರು ನಿಮ್ಮ ಹೊಲ ನೋಡೋಕೆ ಬರ್ತಾರೆ" ಎಂಬಲ್ಲಿಗೆ ಫೋನು ಇಟ್ಟಿದ್ದರೆ ಈ ಕತೆಯೇ ಹುಟ್ಟುತ್ತಿರಲಿಲ್ಲ. ಆದರೆ ಬಾಯಿ ಸುಮ್ಮನಿರಬೇಕಲ್ಲ? "ಸ್ವಲ್ಪ ಚೆನ್ನಾಗಿರ್ಲಿ" ಎಂದು ಸೇರಿಸಿಬಿಟ್ಟರು.

ಸಲಹೆ ಸಾರ್ ಎಂಬುದು ಊರಿನವರೇ ಇಟ್ಟ ಹೆಸರು. ಸಣ್ಣಪುಟ್ಟ ಹೊಲವಿರುವವರಿಗೆ ಯಾವ ಬೆಳೆ ಯಾವಾಗ ಹಾಕಬೇಕು, ಯಾವ ಮಾರುಕಟ್ಟೆಗೆ ಎಷ್ಟು ಕಳಿಸಬೇಕು, ಮಣ್ಣು ಕೆಡದಂತೆ ಹೇಗೆ ನೋಡಿಕೊಳ್ಳಬೇಕು ಎಂದು ಯೋಜನೆ ಬರೆದುಕೊಡುವುದು ಅವರ ಕಸುಬು. ಎರಡು ವರ್ಷದಲ್ಲಿ ಅವರ ಮಾತು ಕೇಳಿದವರು ದೊಡ್ಡಮ್ಮ ಒಬ್ಬರೇ. ಒಂದೂವರೆ ಎಕರೆಯಲ್ಲಿ ತರಕಾರಿ ಬೆಳೆಯುವ ಹೆಂಗಸು. ಅವರು ಕೇಳಿದ್ದೂ ಮಣ್ಣಿನ ಮೇಲಿನ ಪ್ರೀತಿಯಿಂದಲ್ಲ, ಪಾಪ ಈ ಮನುಷ್ಯ ಬಿಸಿಲಲ್ಲಿ ಅಲೆದು ಕರ್ರಗಾಗಿದ್ದಾನಲ್ಲ ಎಂಬ ಕನಿಕರದಿಂದ.

ಇವತ್ತು ಈ ಸಂಸ್ಥೆಯವರು, ಅಂದರೆ ಸಣ್ಣ ರೈತರ ನೆರವಿಗೆ ದುಡ್ಡು ಹಾಕುವವರು, ಮೆಚ್ಚಿದರೆ ನಲವತ್ತು ಹೊಲಗಳಿಗೆ ಮೂರು ವರ್ಷ ಸಲಹೆ ಕೊಡುವ ಒಪ್ಪಂದ. ಮೆಚ್ಚದಿದ್ದರೆ ಏನೆಂಬುದನ್ನು ಹೆಂಡತಿ ಬೆಳಿಗ್ಗೆ ಕಾಫಿ ಕೊಡುವಾಗಲೇ ಹೇಳಿದ್ದರು: "ಇದೂ ಆಗ್ಲಿಲ್ಲ ಅಂದ್ರೆ ಸೋಮವಾರದಿಂದ ನನ್ನ ತಮ್ಮನ ಟೈಲ್ಸ್ ಅಂಗಡೀಲಿ ಕೂತ್ಕೊಳ್ಳಿ. ಅವನೂ ಎಷ್ಟು ದಿನ ಅಂತ ಜಾಗ ಇಟ್ಕೊಂಡಿರ್ತಾನೆ?" ಮಣ್ಣು ಉಸಿರಾಡಬೇಕು ಎಂದು ಊರೆಲ್ಲ ಹೇಳಿಕೊಂಡು ಬಂದವನು ಮಣ್ಣಿನ ಮೇಲೆ ಹಾಸುವ ಟೈಲ್ಸ್ ಮಾರಬೇಕು!

ಎಂಟೂವರೆಗೆ ನಲವತ್ತು ಪುಟದ ಫೈಲನ್ನು ಕಂಕುಳಲ್ಲಿಟ್ಟುಕೊಂಡು ಹೊಲದ ಗೇಟು ತೆಗೆದರು. ತೆಗೆದವರು ಅಲ್ಲೇ ನಿಂತರು.

ಮೂರು ತಿಂಗಳ ಹಿಂದೆ ಗೋಗರೆದು, ಮಣ್ಣು ಒಣಗದಿರಲೆಂದು ಹೊಲಕ್ಕೆಲ್ಲ ಹೊದಿಸಿದ್ದ ಹುಲ್ಲು, ತರಗೆಲೆ, ಸೊಪ್ಪುಸದೆ ಒಂದೂ ಇರಲಿಲ್ಲ. ಸಾಲಿನಿಂದ ಸಾಲಿಗೆ ಪೊರಕೆಯ ಗೆರೆ ಎದ್ದು ಕಾಣುತ್ತಿತ್ತು. ಬದುವಿನ ಕಲ್ಲುಗಳಿಗೆ ಸುಣ್ಣ ಬಳಿದಿತ್ತು. ಟೊಮೇಟೊ ಗಿಡಗಳು ಆಗಷ್ಟೇ ಕ್ಷೌರ ಮಾಡಿಸಿಕೊಂಡ ಹುಡುಗರಂತೆ ಬೆಪ್ಪಾಗಿ ನಿಂತಿದ್ದವು.

"ಬಂದ್ರಾ? ಹೇಗಿದೆ?" ದೊಡ್ಡಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಬಂದರು. "ನಿನ್ನೆ ನಿಮ್ಮ ಫೋನು ಬಂದಾಗಿಂದ ಸೊಂಟ ಮೇಲೆ ಎತ್ತಿಲ್ಲ. ಅಕ್ಕಪಕ್ಕದೋರೆಲ್ಲ ಕೈ ಜೋಡಿಸಿದ್ರು. ದೊಡ್ಡೋರು ಬರೋವಾಗ ಆ ತಿಪ್ಪೆ ಹಾಗೇ ಬಿಡೋಕಾಗುತ್ತಾ? ನಮಗೂ ಮಾನ ಮರ್ಯಾದೆ ಇದೆ."

"ದೊಡ್ಡಮ್ಮಾ, ಅವರು ಬರ್ತಿರೋದೇ ಆ ತಿಪ್ಪೆ ನೋಡೋಕೆ!"

ದೊಡ್ಡಮ್ಮನ ಮುಖ ಇಳಿಯಿತು. "ಅಯ್ಯೋ, ಕಸ ನೋಡೋಕೆ ಕಾರು ಮಾಡ್ಕೊಂಡು ಬರ್ತಾರಾ?" ಎಂದು ಅಲ್ಲೇ ಬದುವಿನ ಮೇಲೆ ಕುಸಿದು ಕುಳಿತರು. ಬೈಯಲು ಬಾಯಿ ತೆರೆದ ಸಾರ್‌ಗೆ ಆ ತಾಯಿಯ ಬೊಬ್ಬೆ ಎದ್ದ ಅಂಗೈ ಕಣ್ಣಿಗೆ ಬಿತ್ತು. ಫೈಲು ಬದುವಿನ ಮೇಲಿಟ್ಟು, ಪ್ಯಾಂಟು ಮಡಚಿ, "ಎಲ್ಲ ಎಲ್ಲಿಗೆ ಹೋಯ್ತು, ಅದನ್ನಾದ್ರೂ ಹೇಳಿ" ಎಂದರು. ಹುಲ್ಲು ಹಾಲಿನವನ ಕೊಟ್ಟಿಗೆಗೆ, ತರಗೆಲೆ ನಿವೃತ್ತ ಹೆಡ್‌ಮಾಸ್ಟರ ಗೊಬ್ಬರದ ಗುಂಡಿಗೆ, ಮಿಕ್ಕ ಒಣಹುಲ್ಲು ದರ್ಜಿಯ ಮನೆಗೆ. ಮೂರೂ ಹೊಲದ ಹಿಂದಿನ ಬೀದಿಯಲ್ಲೇ ಇದ್ದವು.

ಹಾಲಿನವನ ಕೊಟ್ಟಿಗೆಯಲ್ಲಿ ಹಸುಗಳು ಆಗಲೇ ಅರ್ಧ ಹೊದಿಕೆಯನ್ನು ಮೆಲುಕು ಹಾಕುತ್ತಿದ್ದವು.

"ಉಳಿದಿದ್ದು ಒಯ್ಯಿರಿ ಸಾರ್. ತಿಂದಿದ್ದಕ್ಕೆ ನಾನೇನು ಮಾಡ್ಲಿ? ಅದು ವಾಪಸ್ ಬರುತ್ತೆ, ಆದ್ರೆ ಹುಲ್ಲಾಗಿ ಬರಲ್ಲ," ಎಂದ ಅವನು. "ಅಲ್ಲ, ಮಣ್ಣಿಗೆ ಯಾಕೆ ಸಾರ್ ಹೊದಿಕೆ? ಅದಕ್ಕೇನು ಚಳಿನಾ?"

ಹುಲ್ಲಿನ ಹೊರೆ ಕಟ್ಟುತ್ತಲೇ ಸಾರ್ ಬಿಡಿಸಿ ಹೇಳಿದರು. ಬಿಸಿಲು ನೇರ ಬಿದ್ದರೆ ತೇವ ಹಾರಿಹೋಗುತ್ತದೆ, ಎರೆಹುಳ ಕೆಳಗಿಳಿಯುತ್ತದೆ, ಮಳೆ ಬಂದರೆ ಮೇಲ್ಮಣ್ಣು ಕೊಚ್ಚಿಹೋಗುತ್ತದೆ. ಹೊರೆಯನ್ನು ತಲೆಗೇರಿಸುವಾಗಲೂ ಹೇಳುತ್ತಲೇ ಇದ್ದರು. ಹಾಲಿನವನು ಹಸುವಿನ ಬೆನ್ನು ತಟ್ಟುತ್ತ ಹೂಂ, ಹೂಂ ಎಂದ.

ಹೆಡ್‌ಮಾಸ್ಟರು ಅಷ್ಟು ಸುಲಭವಾಗಿ ಬಿಡುವ ಆಸಾಮಿಯಲ್ಲ. ಗುಂಡಿಯ ಮುಂದೆ ಕುರ್ಚಿ ಹಾಕಿಕೊಂಡು ಕುಳಿತವರು, "ಕೊಟ್ಟಿದ್ದನ್ನ ವಾಪಸ್ ಕೇಳ್ತಿದ್ದೀರಿ. ಕಾರಣ ಹೇಳಿ. ಕ್ರಮವಾಗಿ," ಎಂದರು. ಸಾರ್ ಮತ್ತೆ ಮೊದಲಿಂದ ಶುರು ಮಾಡಿದರು. ಮೇಷ್ಟ್ರು ನಡುನಡುವೆ ತಡೆದು, "ಎರೆಹುಳ ಯಾಕೆ ಕೆಳಗಿಳಿಯುತ್ತೆ? ಎಷ್ಟು ಆಳಕ್ಕೆ?" ಎಂದು ಕೆದಕಿ, ಚೀಟಿಯಲ್ಲಿ ಬರೆದುಕೊಂಡು, ಕೊನೆಗೆ ಎಲ್ಲವನ್ನೂ ತಾವೇ ಒಮ್ಮೆ ಒಪ್ಪಿಸಿದರು. ಅವರು ಒಪ್ಪಿಸಿದ ಮೇಲೆ ವಿಷಯ ಸಾರ್‌ಗೇ ಮೊದಲಿಗಿಂತ ಚೆನ್ನಾಗಿ ಅರ್ಥವಾಯಿತು. ಅಷ್ಟರಲ್ಲಿ ಗಂಟೆ ಹತ್ತೂವರೆ.

ದರ್ಜಿಯ ಮನೆಯಲ್ಲಿ ಹೊಸ ತೊಂದರೆ. ಗಿರಾಕಿಗಳ ಬೆಂಚಿಗೆಂದು ಅವನು ಒಣಹುಲ್ಲು ತುಂಬಿ ಎರಡು ದಿಂಬು ಹೊಲಿದು ಮುಗಿಸಿದ್ದ.

"ಬಿಚ್ಚು ಮಾರಾಯ, ನನ್ನ ಜೀವನದ ಪ್ರಶ್ನೆ!"

"ಹೊಲಿದಿದ್ದನ್ನ ಬಿಚ್ಚೋದು ಅಂದ್ರೆ ನನಗೆ ಕರುಳು ಕಿವುಚಿದ ಹಾಗಾಗುತ್ತೆ ಸಾರ್," ಎಂದು ದರ್ಜಿ ದಿಂಬನ್ನು ಎದೆಗವಚಿಕೊಂಡ. ಸಾರ್ ಮೂರನೆಯ ಸಲ ಪಾಠ ಹೇಳಿದರು. ಈ ಸಲ ಗಂಟಲು ಕಟ್ಟಿದ್ದರಿಂದ ನಾಲ್ಕೇ ವಾಕ್ಯದಲ್ಲಿ ಮುಗಿಯಿತು. ದರ್ಜಿ ಯೋಚಿಸಿ, ಹೊಲಿಗೆ ಬಿಚ್ಚಿದ್ದಲ್ಲದೆ, "ಕೊಳೆಯೋ ವಸ್ತು ಯಾವುದಾದ್ರೂ ಆಗುತ್ತೆ ಅಂದ್ರಲ್ಲ? ಹಾಗಾದ್ರೆ ಹತ್ತಿ ಬಟ್ಟೆ ಚೂರು ಆಗಲ್ವಾ?" ಎಂದು ಎರಡು ಮೂಟೆ ಬಣ್ಣಬಣ್ಣದ ಚಿಂದಿ ಹೊರಗೆಳೆದ. ಅಲ್ಲಗಳೆಯಲು ಸಾರ್‌ಗೆ ಪುರುಸೊತ್ತಿರಲಿಲ್ಲ.

ಬೀದಿಗೂ ಹೊಲಕ್ಕೂ ಹದಿನಾಲ್ಕು ಸಲ ಹೊರೆ ಹೊತ್ತರು. ಕೊನೆಕೊನೆಗೆ ಇಡೀ ಬೀದಿ ಹೊಲಕ್ಕಿಳಿದು ಹುಲ್ಲು ಹರಡಿತು. ತಪ್ಪಾಗಿ ಹರಡಿದವರನ್ನು ಹೆಡ್‌ಮಾಸ್ಟರು ಬದುವಿನ ಮೇಲಿಂದಲೇ ತಿದ್ದುತ್ತಿದ್ದರು. ಒಂದು ಗಂಟೆಗೆ ಕಾರು ಬಂದು ನಿಂತಾಗ ಸಾರ್ ತಲೆಯಲ್ಲಿ ಹುಲ್ಲು, ಮೂಗಿನ ಮೇಲೆ ಸುಣ್ಣ, ಕಂಕುಳಲ್ಲಿ ಮತ್ತೆ ಅದೇ ಫೈಲು.

ಸಂಸ್ಥೆಯ ಅಧ್ಯಕ್ಷೆ ಮಾತು ಕಡಿಮೆಯ ಹಿರಿಯ ಹೆಂಗಸು. ಜೊತೆಗೆ ಬಂದಿದ್ದ ಮಣ್ಣಿನ ತಜ್ಞರು ನೇರ ಹೊಲಕ್ಕಿಳಿದು, ಹುಲ್ಲು ಸರಿಸಿ, ಮಣ್ಣಿಗೆ ಥರ್ಮಾಮೀಟರ್ ಚುಚ್ಚಿದರು. ಅದನ್ನು ಎತ್ತಿ ನೋಡಿ ಹುಬ್ಬು ಗಂಟಿಕ್ಕಿದರು.

"ಮೂರು ತಿಂಗಳಿಂದ ಹೊದಿಕೆ ಇದೆ ಅಂದ್ರಿ. ಮಣ್ಣು ಇಷ್ಟು ಬಿಸಿ ಯಾಕಿದೆ?"

ಮುಗಿಯಿತು ಎಂದುಕೊಂಡರು ಸಾರ್. ಕಣ್ಣ ಮುಂದೆ ಟೈಲ್ಸ್ ಅಂಗಡಿಯ ಗಲ್ಲಾಪೆಟ್ಟಿಗೆ ಬಂದು ನಿಂತಿತು.

"ತಪ್ಪು ನಂದು," ಎಂದರು ದೊಡ್ಡಮ್ಮ. "ನೀವು ಬರ್ತೀರಿ ಅಂತ ನಿನ್ನೆ ನಾನೇ ಎಲ್ಲ ಗುಡಿಸಿಬಿಟ್ಟೆ. ಆದ್ರೆ ಗುಡಿಸಿದ್ದಕ್ಕೇ ನನಗೆ ತಿಳೀತು. ಇವತ್ತು ಹತ್ತು ಗಂಟೆ ಹೊತ್ತಿಗೆ ಬರಿಗಾಲಲ್ಲಿ ಕಾಲಿಡೋಕಾಗ್ಲಿಲ್ಲ, ಗಿಡ ಎಲ್ಲ ಜೋಲು ಮೋರೆ ಹಾಕ್ಕೊಂಡ್ವು. ಮೂಲೆಯಲ್ಲಿ ಒಂದು ಪಾತಿ ಗುಡಿಸೋದು ಮರೆತಿದ್ದೆ, ಅಲ್ಲಿ ಮಾತ್ರ ತಣ್ಣಗಿತ್ತು. ಮೂರು ತಿಂಗಳು ಇವರು ಹೇಳಿದ್ದನ್ನ ನನ್ನ ಕಾಲು ಒಂದು ನಿಮಿಷದಲ್ಲಿ ಹೇಳ್ತು."

ತಜ್ಞರು ಮೂಲೆಯ ಪಾತಿಗೂ ಹೋಗಿ ಚುಚ್ಚಿ ನೋಡಿದರು. ತಣ್ಣಗಿರುವುದು ನಿಜವೆಂಬಂತೆ ತಲೆಯಾಡಿಸಿದರು.

"ಈ ಬಣ್ಣದ ಚಿಂದಿ?" ಎಂದರು ಅಧ್ಯಕ್ಷೆ.

"ಅಪ್ಪಟ ಹತ್ತಿ ಅಮ್ಮಾ, ಪೂರ್ತಿ ಕೊಳೆತು ಮಣ್ಣಿಗೆ ಸೇರುತ್ತೆ. ಪಾಲಿಯೆಸ್ಟರ್ ಒಂದು ಎಳೆ ಬಿಟ್ಟಿಲ್ಲ," ಎಂದ ದರ್ಜಿ ಎದೆಯುಬ್ಬಿಸಿ. ಹಾಲಿನವನು ತೇವದ ವಿಷಯ ಹೇಳಿದ. ಹೆಡ್‌ಮಾಸ್ಟರು ಜೇಬಿನಿಂದ ಚೀಟಿ ತೆಗೆದು ಎರೆಹುಳದ ದಿನಚರಿಯನ್ನು ಆಳದ ಸಮೇತ ವಿವರಿಸಿದರು. ಸಾರ್ ಎರಡು ಸಲ ಬಾಯಿ ತೆರೆದರು, ಎರಡು ಸಲವೂ ಇನ್ಯಾರೋ ಅದನ್ನೇ ಹೇಳಿ ಮುಗಿಸಿದರು. ಆದರೂ ಅವರಿಗೆ ಕಣ್ಣು ತುಂಬಿ ಬಂತು. ಎರಡು ವರ್ಷ ಯಾರೂ ಕಿವಿಗೆ ಹಾಕಿಕೊಳ್ಳದ ಮಾತು ಇವತ್ತು ಎಲ್ಲರ ಬಾಯಲ್ಲಿತ್ತು.

ಅಧ್ಯಕ್ಷೆ ಸಾರ್ ಕೈ ಕುಲುಕಿದರು. "ಸಲಹೆಗಾರ ಅಂದ್ರೆ ಹೀಗಿರಬೇಕು. ನಾನು ಇಷ್ಟು ಊರು ಸುತ್ತಿದ್ದೀನಿ, ಜನ ಇಷ್ಟು ಚೆನ್ನಾಗಿ ಕಲಿತಿದ್ದು ಎಲ್ಲೂ ನೋಡಿಲ್ಲ. ನಿಮ್ಮ ಕೆಲಸ ಇಲ್ಲಿ ಪೂರ್ತಿ ಮುಗಿದಿದೆ."

"ಮುಗಿದಿದೆ ಅಂದ್ರೆ... ನಲವತ್ತು ಹೊಲದ ಒಪ್ಪಂದ?"

"ಅದು ಇದ್ದೇ ಇದೆ. ಆದ್ರೆ ನಿಮ್ಮಂಥೋರು ಮೂರು ತಿಂಗಳು ಹೇಳಿದ್ದು ಇವರ ತಲೆಗೆ ಹೋಗ್ಲಿಲ್ಲ, ಇವರ ಕಾಲು ಒಂದು ನಿಮಿಷದಲ್ಲಿ ಹೇಳ್ತು ಅಂದ್ರಲ್ಲ? ರೈತರಿಗೆ ರೈತರೇ ಹೇಳ್ಬೇಕು." ಅಧ್ಯಕ್ಷೆ ಕಾಗದದಲ್ಲಿ ಒಂದು ಹೆಸರು ಹೊಡೆದು ಇನ್ನೊಂದು ಬರೆದರು. "ದೊಡ್ಡಮ್ಮಾ, ಮೂರು ವರ್ಷ ನೀವೇ ನಮ್ಮ ಸಲಹೆಗಾರರು. ಮೇಷ್ಟ್ರು ನಿಮ್ಮ ಜೊತೆಗಿರ್ತಾರೆ."

ಹೆಡ್‌ಮಾಸ್ಟರು ಆಗಲೇ ಚೀಟಿ ಮಡಚಿ ಜೇಬಿಗೆ ಹಾಕಿಕೊಂಡಿದ್ದರು. ದೊಡ್ಡಮ್ಮ ಮಾತ್ರ ಸಲಹೆ ಸಾರ್ ಮುಖ ನೋಡಿದರು. ನೋಡಿ ಅವರ ಕರುಳು ಚುರುಕ್ಕೆಂದಿತು.

"ಇವರನ್ನ ಕೈಬಿಟ್ಟು ನಾನು ಒಂದು ಹೆಜ್ಜೆ ಇಡಲ್ಲಮ್ಮಾ," ಎಂದರು ಗಟ್ಟಿಯಾಗಿ. ಸಾರ್ ಎದೆಯಲ್ಲಿ ಆಸೆ ಮತ್ತೆ ಚಿಗುರಿತು. "ನಲವತ್ತು ಹೊಲಕ್ಕೆ ಹುಲ್ಲು ಹೊರೋಕೆ ನನ್ನ ಸೊಂಟದಲ್ಲಿ ಎಲ್ಲಿದೆ ಶಕ್ತಿ? ಬೆಳಿಗ್ಗೆಯಿಂದ ನೋಡ್ತಿದ್ದೀನಿ, ಇವರು ಹೊರೆ ಬಹಳ ಚೆನ್ನಾಗಿ ಹೊರ್ತಾರೆ."

ಅಧ್ಯಕ್ಷೆ ಅದನ್ನೂ ಬರೆದುಕೊಂಡರು.