ಒಲೆಯೊಳಗಿನ ಪಿಜ್ಜ

"ಹೆಣ್ಣು ನೋಡುವುದಿದ್ದರೆ ಇಟಲಿಯಲ್ಲೇ ನೋಡುತ್ತೇನೆ!"

೧೯೭೯ರ ಒಂದು ಬೆಳಿಗ್ಗೆ ನಾನು ಹೀಗೆ ಘೋಷಿಸಿದಾಗ ಅಮ್ಮ ಬಂಗುಡೆ ಮೀನು ತೊಳೆಯುತ್ತಿದ್ದರು. ಅವರೂ ಬಾಯಿ ಬಿಟ್ಟರು, ಕೈಯಲ್ಲಿದ್ದ ಬಂಗುಡೆಯೂ ಬಾಯಿ ಬಿಟ್ಟಿತು.

"ಇಟಲಿಯಾ? ಕೂಳೂರು ಹೊಳೆಯ ಸಂಕ ದಾಟುವಾಗಲೇ ವಾಂತಿ ಮಾಡುವವ ನೀನು!"

"ಈ ಇಟಲಿಗೆ ಸಿಟಿ ಬಸ್ಸು ಹೋಗ್ತದೆ ಅಮ್ಮ. ಬಂದರಿನಲ್ಲಿ ಇಳಿದರೆ ಆಯ್ತು."

"ಸುಮ್ಮನೆ ಅವರ ಮನೆಗೆ ಹೋಗಿ, ಕೊಟ್ಟ ಅವಲಕ್ಕಿ ತಿಂದು, ತಲೆ ತಗ್ಗಿಸಿ ಬಾ ಜಯಪಾಲ."

ಅವಲಕ್ಕಿ! ಬ್ಯಾಂಕಿನಲ್ಲಿ ಕ್ಲಾರ್ಕ್ ಆಗಿರುವ, ಬೆಲ್‌ಬಾಟಮ್ ಪ್ಯಾಂಟಿನಿಂದ ಅರ್ಧ ಮಂಗಳೂರನ್ನು ಗುಡಿಸಿದ ನನಗೆ ಅವಲಕ್ಕಿ!

ಸಂಗತಿ ಇಷ್ಟು. ಇಟಲಿಯ ಹಡಗಿನಲ್ಲಿ ಅಡುಗೆ ಮಾಡಿ ಮರಳಿದ ಲೀಲಾಧರ ಎಂಬವನು ಬಂದರಿನಲ್ಲಿ ಮುಚ್ಚಿಹೋಗಿದ್ದ ಬೇಕರಿಯೊಂದನ್ನು ಹಿಡಿದು ಇಟಲಿಯ ಹೋಟೆಲು ತೆರೆದಿದ್ದ. ಗೋವಾದಿಂದ ಕೇರಳಕ್ಕೆ ಹೋಗುವ ಬಿಳಿಯರು ನಮ್ಮೂರಿನಲ್ಲಿ ಒಂದೆರಡು ದಿನ ಇಳಿದು ಊರು ಸುತ್ತುತ್ತಿದ್ದ ಕಾಲ. ಅವರೇ ಅವನ ಗಿರಾಕಿಗಳು. ನಾಲ್ಕೇ ಮೇಜು, ಕೆಂಪು ಚೌಕುಳಿ ಬಟ್ಟೆ, ಖಾಲಿ ಬಾಟ್ಲಿಯ ಬಾಯಿಗೆ ಸಿಕ್ಕಿಸಿದ ಮೇಣದಬತ್ತಿ. ಕಿಟಕಿ ತೆರೆದರೆ ಹೊಳೆಯ ಗಾಳಿ, ಗಾಳಿಯ ಜೊತೆ ಒಣಮೀನಿನ ಪರಿಮಳ. ಇಷ್ಟು ಸೌಕರ್ಯ ಸಾಕ್ಷಾತ್ ರೋಮ್ ನಗರದಲ್ಲೂ ಇರಲಿಕ್ಕಿಲ್ಲ!

ಹುಡುಗಿ ಉಮಾವತಿ. ಉರ್ವ ಮಾರ್ಕೆಟ್ಟಿನ ಬಸ್‌ಸ್ಟಾಪಿನಲ್ಲಿ ಅವಳನ್ನು ಕಂಡಂದಿನಿಂದ ನಾನು ಬ್ಯಾಂಕಿನಲ್ಲಿ ಜಮೆಯನ್ನು ಖರ್ಚಿಗೂ ಖರ್ಚನ್ನು ಜಮೆಗೂ ಬರೆಯತೊಡಗಿದ್ದೆ. ಮದುವೆಯಾದರೆ ಅವಳನ್ನೇ! ಆದರೆ ನಮ್ಮಲ್ಲಿ ಹುಡುಗಿಯ ಸೋದರಮಾವ ಹೂಂ ಅನ್ನದೆ ಚಪ್ಪರಕ್ಕೆ ಕಂಬ ನೆಡುವಂತಿಲ್ಲ. ಅವಳ ಸೋದರಮಾವ ತ್ಯಾಂಪಣ್ಣ ಶೆಟ್ಟರೋ, ಹೂಂ ಎಂಬ ಅಕ್ಷರವನ್ನೇ ಕಲಿತವರಲ್ಲ. ಅವರು ಉರ್ವದಲ್ಲಿ ಕೆಮ್ಮಿದರೆ ನಂತೂರಿನಲ್ಲಿ ಲಾರಿಗಳು ಬ್ರೇಕು ಹಾಕುತ್ತಿದ್ದವು!

ಬ್ಯಾಂಕಿನ ಫೋನಿನಿಂದ ಅವರನ್ನು ಆಮಂತ್ರಿಸಿದೆ. ಲೈನಿನಲ್ಲಿ ಸಾಸಿವೆ ಸಿಡಿಯುವ ಸದ್ದು.

"ಶನಿವಾರ ಬಂದರಿಗೆ ಬನ್ನಿ ಮಾವ! ಪಿಜ್ಜಾ ಉಂಟು!"

"ಯಾರು? ಪಿಜ್ಜನಾ?" ಆ ಕಡೆಯ ಧ್ವನಿ ಥಟ್ಟನೆ ಮೆತ್ತಗಾಯಿತು. "ಈಗಲೂ?"

"ಈಗಲೂ! ಬಿಳಿಯರೆಲ್ಲ ಹುಡುಕಿಕೊಂಡು ಬರ್ತಾರೆ!"

"ಹಾಗಾದರೆ ಬರಲೇಬೇಕು."

ನಮ್ಮ ಮಾತೆಲ್ಲ ತುಳುವಿನಲ್ಲಿ. ತುಳುವಿನಲ್ಲಿ ಪಿಜ್ಜ ಎಂದರೆ ಅಜ್ಜನ ಅಪ್ಪ! ಇಟಲಿಯ ತಿಂಡಿಗೆ ಬಾಲದಲ್ಲೊಂದು ದೀರ್ಘ ಹೆಚ್ಚು, ಅಷ್ಟೇ. ಆ ದೀರ್ಘವನ್ನು ಟೆಲಿಫೋನ್ ತಂತಿ ದಾರಿಯಲ್ಲೇ ನುಂಗಿತ್ತು. ಹುಡುಗನ ಮುತ್ತಜ್ಜ ಇನ್ನೂ ಬದುಕಿದ್ದಾರೆ, ಅವರನ್ನು ನೋಡಲು ವಿಲಾಯತಿಯಿಂದ ಜನ ಬರುತ್ತಾರೆ ಎಂದು ಶೆಟ್ಟರು ತಿಳಿದರು. ಅದು ನನಗೆ ತಿಳಿಯಲಿಲ್ಲ.

ಶನಿವಾರ ಶೆಟ್ಟರು ಬಂದೇಬಿಟ್ಟರು. ಕಂಕುಳಲ್ಲಿ ಹೊಸ ಪಂಚೆ, ಕೈಯಲ್ಲಿ ಕದಳಿ ಬಾಳೆಹಣ್ಣು, ಹಲ್ಲಿಲ್ಲದವರಿಗೆಂದು ಕುಟ್ಟಿ ತಂದ ವೀಳ್ಯದೆಲೆ. ಹಿಂದೆ ನೀಲಿ ಸೀರೆಯ ಉಮಾವತಿ. ನಾನು ಪಂಚೆಗೆ ಕೈಯೊಡ್ಡಿದೆ.

"ನಿಮಗಲ್ಲ, ಪಿಜ್ಜನಿಗೆ," ಎಂದರು ಶೆಟ್ಟರು.

ತಿಂದು ಕೈ ಒರೆಸಲಿಕ್ಕಿರಬೇಕು, ದೊಡ್ಡವರ ಕ್ರಮವೇ ಬೇರೆ ಎಂದುಕೊಂಡೆ!

"ಎಲ್ಲಿ ಪಿಜ್ಜ? ಮಲಗಿದ್ದಾರಾ?"

"ಒಳಗೆ ಒಲೆಯಲ್ಲಿ, ಮಾವ."

"ಒಲೆಯಲ್ಲಾ?"

"ಹಾಕಿ ಹತ್ತು ನಿಮಿಷ ಆಯ್ತು."

ಶೆಟ್ಟರು ಎದ್ದುನಿಂತರು. ಹೆಗಲ ಶಾಲು ತೆಗೆದು ಕೈಯಲ್ಲಿ ಹಿಡಿದುಕೊಂಡರು. ಕಣ್ಣು ತುಂಬಿತು. "ನಮಗೊಂದು ಮಾತು ಹೇಳಬಾರದಿತ್ತಾ ಮಾರಾಯ? ನಾವು ಬರುವವರೆಗಾದರೂ ಕಾಯಬಾರದಿತ್ತಾ?"

"ನೀವು ಬರುವಾಗ ಬಿಸಿಬಿಸಿ ಇರಲಿ ಅಂತ..."

"ಎಂತ?"

"ಮೇಲೆ ಸ್ವಲ್ಪ ಕೆಂಪಾಗಬೇಕು ಮಾವ. ಮತ್ತೆ ಲೀಲಾಧರ ಆರು ತುಂಡು ಮಾಡಿ ತರ್ತಾನೆ. ಮೊದಲ ತುಂಡು ಹಿರಿಯರಾದ ನಿಮಗೇ!"

ಶೆಟ್ಟರ ಮೀಸೆ ಕಾಗೆಯಂತೆ ರೆಕ್ಕೆ ಬಿಚ್ಚಿತು. "ಸ್ವಂತ ವಂಶದ ಹಿರಿಯನನ್ನು ಸುಟ್ಟು, ತುಂಡು ಮಾಡಿ, ನೆಂಟರಿಗೆ ಬಡಿಸುವ ಮನೆಗೆ ನಮ್ಮ ಹುಡುಗಿಯಾ! ಏಳು ಉಮಾ!"

ಆಗ ಲೀಲಾಧರ ದೊಡ್ಡ ತಟ್ಟೆ ಹಿಡಿದು ಮೆರವಣಿಗೆಯಂತೆ ಬಂದ. "ಪಿಜ್ಜಾ ಬಂತು ಧಣಿ! ಮೈದಾ ರೊಟ್ಟಿ, ಟೊಮೆಟೊ, ಚೀಸು. ಊದಿ ತಿನ್ನಿ!"

ಶೆಟ್ಟರು ರೊಟ್ಟಿಯನ್ನು ನೋಡಿದರು. ನನ್ನನ್ನು ನೋಡಿದರು. ಪಂಚೆಯನ್ನು ನೋಡಿದರು. ಉಮಾವತಿ ಸೆರಗನ್ನು ಬಾಯಿಗೆ ತುರುಕಿಕೊಂಡು ಭೂಕಂಪವಾದಂತೆ ಅಲುಗುತ್ತಿದ್ದಳು. ನನಗೆ ದೀರ್ಘ ಎಲ್ಲಿ ಬಿದ್ದುಹೋಯಿತೆಂದು ಈಗ ಹೊಳೆಯಿತು. ಮುಖ ಎಲ್ಲಿಡುವುದೆಂದು ತೋಚದೆ ಒಂದು ತುಂಡೆತ್ತಿ ಇಡಿಯಾಗಿ ಬಾಯಿಗೆ ತುರುಕಿದೆ.

ಅಯ್ಯೋ, ಆ ಚೀಸು! ಹಲಸಿನ ಮೇಣಕ್ಕೂ ಅದಕ್ಕೂ ಸ್ಪರ್ಧೆಯಿಟ್ಟರೆ ಹಲಸೇ ಕೈಮುಗಿಯಬೇಕು. ಮೇಲಿನ ದವಡೆ, ಕೆಳಗಿನ ದವಡೆ, ನಡುವಿನ ನಾಲಗೆ ಮೂರೂ ಒಂದಾದವು. ಉರಿಗೆ ಕಣ್ಣಿನಿಂದ ಧಾರೆ!

ಶೆಟ್ಟರು ಶುರು ಮಾಡಿದರು. "ಹಿರಿಯರ ಹೆಸರು ತಿಂಡಿಗೆ ಇಡುವುದಾ? ನಾಳೆ ಅಜ್ಜನ ಹೆಸರಿನಲ್ಲಿ ಚಟ್ನಿ ಅರೆಯುತ್ತೀರಾ? ಬ್ಯಾಂಕಿನವನಂತೆ! ಬೆಲ್‌ಬಾಟಮಂತೆ! ಒಂದು ಕಾಲಿನ ಬಟ್ಟೆಯಲ್ಲಿ ನನಗೆ ಎರಡು ಅಂಗಿ ಆಗ್ತದೆ!" ಆ ಬೈಗುಳಕ್ಕೆ ಮೇಣದಬತ್ತಿ ಆರಿತು. ಪಕ್ಕದ ಮೇಜಿನ ಬಿಳಿಯ ದಂಪತಿ ಇದೂ ಊಟದ ಜೊತೆ ಕೊಡುವ ಕಾರ್ಯಕ್ರಮವೆಂದು ಚಪ್ಪಾಳೆ ತಟ್ಟಿದರು.

ನನ್ನಲ್ಲಿ ಉತ್ತರಗಳಿದ್ದವು. ಒಂದಕ್ಕಿಂತ ಒಂದು ಖಾರ! ಆದರೆ ಬಾಯಿ ತೆರೆಯಬೇಕಲ್ಲ? ಅಂತೂ ಅಂಟು ಸಡಿಲಾಗಿ ತುಟಿ ಅಲ್ಲಾಡಿಸುವಷ್ಟರಲ್ಲಿ ತನ್ನ ಪಾಲಿನ ಒಂದು ತುಂಡು ಮುಗಿಸಿದ ಉಮಾವತಿ ಮೆಲ್ಲನೆ ಇನ್ನೊಂದನ್ನು ನನ್ನ ತಟ್ಟೆಗೆ ತಳ್ಳಿದಳು. ಹುಡುಗಿ ಮೊದಲ ಸಲ ಕೈಯಾರೆ ಕೊಟ್ಟದ್ದನ್ನು ಬೇಡ ಎನ್ನಲಾದೀತೇ? ಅದನ್ನೂ ತುರುಕಿದೆ.

ಕೊನೆಗೆ ಶೆಟ್ಟರ ಉಸಿರು ಮುಗಿಯಿತು. ಕುಳಿತು, ನೀರು ಕುಡಿದು, ನನ್ನ ಕಣ್ಣೀರನ್ನು ನೋಡಿ ಲೀಲಾಧರನತ್ತ ತಿರುಗಿದರು. "ಇವ ಎಂತ ಜನ ಮಾರಾಯ! ಇಷ್ಟು ಬೈದೆ, ಒಂದು ಎದುರು ಮಾತು ಉಂಟಾ? ಪಶ್ಚಾತ್ತಾಪದಲ್ಲಿ ಹೇಗೆ ಅಳ್ತಾನೆ ನೋಡು! ಹಿರಿಯರ ಮೇಲೆ ಇಷ್ಟು ಭಯಭಕ್ತಿ ಈ ಕಾಲದಲ್ಲಿ ಎಲ್ಲಿ ಸಿಗ್ತದೆ?"

ಮತ್ತೆ ಅಂದರು: "ಹೂಂ."

ಎರಡು ತಿಂಗಳಲ್ಲಿ ಮದುವೆಯಾಯಿತು. ಮಾವ ಸಾಯುವವರೆಗೂ ನೆಂಟರಿಷ್ಟರಲ್ಲಿ ನನ್ನ ವಿನಯವನ್ನು ಕೊಂಡಾಡಿದರು.

ಲೀಲಾಧರನ ಇಟಲಿ ನಾಲ್ಕೈದು ವರ್ಷ ಉರಿದು ಆರಿತು. ಈಗ ಅಲ್ಲಿ ಮೀನುಬಲೆ, ಹಗ್ಗ ಮಾರುತ್ತಾರೆ. ಪಿಜ್ಜಾ ಈಗ ಬೈಕು ಹತ್ತಿ ಮನೆಮನೆಗೆ ಬರುತ್ತದೆ, ಆದರೆ ಸೌದೆಯ ಹೊಗೆ, ಹೊಳೆಗಾಳಿ, ಒಣಮೀನು ಮೂರೂ ಬೆರೆತ ಆ ರುಚಿಯನ್ನು ಯಾವ ಬೈಕೂ ತಂದುಕೊಟ್ಟಿಲ್ಲ. ಮೊನ್ನೆ ಆ ಅಂಗಡಿಯೆದುರು ನಿಂತಾಗ ಮನಸ್ಸು ಕರಗಿ, ಪಕ್ಕದಲ್ಲಿದ್ದ ಉಮಾವತಿಗೆ ಗುಟ್ಟು ಬಿಚ್ಚಿದೆ.

"ಆವತ್ತು ನಾನು ಸುಮ್ಮನೆ ಕೂತದ್ದು ವಿನಯದಿಂದ ಅಲ್ಲ ಮಾರಾಯ್ತಿ. ಚೀಸು!"

"ಗೊತ್ತುಂಟು."

"ಯಾವಾಗಿನಿಂದ?"

"ಆವತ್ತಿನಿಂದಲೇ. ಮತ್ತೆ ಎರಡನೇ ತುಂಡು ಸುಮ್ಮನೆ ಕೊಟ್ಟೆನಾ? ನೀವು ಬಾಯಿ ಬಿಟ್ಟಿದ್ದರೆ ಮಾವ ನನ್ನನ್ನು ಎಳೆದುಕೊಂಡು ಹೋಗ್ತಿದ್ದರು."

ನಾನು ಒಲೆಯೊಳಗಿನ ಹಿಟ್ಟಿನಂತೆ ಉಬ್ಬಿದೆ. ಇಷ್ಟು ವರ್ಷ ಕೇಳಲು ನಾಚಿದ್ದನ್ನು ಕೇಳಿಯೇಬಿಟ್ಟೆ: "ಅಂದರೆ, ಆಗಲೇ ನಿನಗೆ ಅಷ್ಟು ಇಷ್ಟ ಆಗಿತ್ತಾ?"

"ಆಗದೆ?" ಎಂದಳು ಉಮಾವತಿ, ಆ ಹಳೆಯ ಬಾಗಿಲನ್ನೇ ನೋಡುತ್ತ. "ಅಷ್ಟು ರುಚಿಯ ಪಿಜ್ಜಾ! ಇನ್ನೂ ಮೂರು ತುಂಡು ಬಾಕಿ ಇತ್ತು!"