ಎಝ್ರಾ ತಾತನ ಕೋಲು

ಶನಿವಾರ ಬೆಳಿಗ್ಗೆ ಕ್ಲೈಡ್ ಸ್ನಾನ ಮುಗಿಸಿ ಹೊರಗೆ ಬರುವ ಹೊತ್ತಿಗೆ ಎಝ್ರಾ ತಾತನ ಲಕ್ರಾಸ್ ಕೋಲಿನ ಬಲೆ ಅರ್ಧಕ್ಕರ್ಧ ನಾಯಿಯ ಹೊಟ್ಟೆ ಸೇರಿತ್ತು. ಚೆಂಡು ಹಿಡಿದು ಎಸೆಯಲು ಕೋಲಿನ ತುದಿಗೆ ಹೆಣೆದ, ಹಳೆಯ ಚರ್ಮದ ದಾರದ ಬಲೆ. ನಾಯಿ ಕಣ್ಣು ಮುಚ್ಚಿಕೊಂಡು, ಮದುವೆ ಊಟಕ್ಕೆ ಕೂತವರ ಹಾಗೆ ಸಾವಕಾಶವಾಗಿ ಅಗಿಯುತ್ತಿತ್ತು. ಹೆಂಡತಿ ರೋವೀನಾ ಎದುರಿಗೆ ಪೊರಕೆ ಹಿಡಿದು ನಿಂತಿದ್ದಳು.

"ನೋಡ್ತಾ ನಿಂತಿದ್ದೀಯಲ್ಲೇ! ಕಿತ್ಕೊಳ್ಳೋಕೆ ಆಗ್ಲಿಲ್ವಾ?"

"ಮರದ ಕೋಲು ರೀ ಅದು! ಹೆಂಗಸರು ಮುಟ್ಟಬಾರದು ಅಂತ ನಿನ್ನೆ ಅರ್ಧ ಗಂಟೆ ಭಾಷಣ ಬಿಗಿದಿದ್ದು ಯಾರು? ಪೊರಕೆ ತೋರಿಸ್ದೆ, ಬಿಸ್ಕತ್ತು ತೋರಿಸ್ದೆ, ಕೂಗಿ ಕೂಗಿ ಗಂಟಲು ಬಿದ್ದೋಯ್ತು. ನೀವು ಒಳಗೆ ನೀರು ಬಿಟ್ಕೊಂಡು 'ಮಾನ್ಯ ಬಂಧುಗಳೇ' ಅಂತಿದ್ರಿ."

ಅವಳದ್ದೂ ತಪ್ಪಲ್ಲ. ಉತ್ತರ ಅಮೆರಿಕದ ಮೂಲನಿವಾಸಿಗಳಾದ ಮೊಹಾಕರ ಆ ಊರಿನಲ್ಲಿ ಹುಡುಗಿಯರು ಪ್ಲಾಸ್ಟಿಕ್ ಕೋಲು ಹಿಡಿದು ಗಂಡುಹುಡುಗರನ್ನು ನಾಚಿಸುವ ಹಾಗೆ ಆಡುತ್ತಿದ್ದರು. ಆದರೆ ಮರದ ಕೋಲು ಗಂಡಸಿನದು. ಅವನು ಹುಟ್ಟಿದಾಗ ತೊಟ್ಟಿಲಿಗೆ ಬರುತ್ತದೆ, ಸತ್ತಾಗ ಪೆಟ್ಟಿಗೆಯೊಳಗೆ ಅವನ ಜೊತೆಗೇ ಹೋಗುತ್ತದೆ. ಅದಕ್ಕೆ ಹೆಣ್ಣಿನ ಕೈ ತಾಗುವಂತಿಲ್ಲ.

ಸ್ಕೂಲ್ ಬಸ್ ಓಡಿಸುವ ಕ್ಲೈಡ್ ಮೂವತ್ತು ವರ್ಷ ತಂಡದಲ್ಲಿದ್ದು ಬೆಂಚು ಬೆಚ್ಚಗೆ ಇಟ್ಟಿದ್ದು ಬಿಟ್ಟರೆ ಒಂದು ಗೋಲೂ ಹೊಡೆದವನಲ್ಲ. ಇವತ್ತು ಮಾತ್ರ ದಿನ ಅವನದು. ಸಂಜೆ ಆರಕ್ಕೆ ಚಾವಣಿ ಹಾಕಿದ ಹೊಸ ಲಕ್ರಾಸ್ ಅಂಗಳ ತೆರೆಯುವುದಿತ್ತು. ಅಲ್ಲಿ ಊರಿನ ಆಟದ ಚರಿತ್ರೆ ಹೇಳಿ, ಊರಿನ ಹಳೇ ಆಟಗಾರ ಎಝ್ರಾ ತಾತನ ಕೋಲನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡುವ ಮರ್ಯಾದೆ ಕ್ಲೈಡ್‌ಗೆ ಸಿಕ್ಕಿತ್ತು. ಒಂದು ವಾರ ಬೇಡಿ, "ನನ್ನ ಪ್ರಾಣದ ಹಾಗೆ ನೋಡ್ಕೋತೀನಿ ತಾತ" ಎಂದು ಮಾತು ಕೊಟ್ಟು ತಂದಿದ್ದ ಕೋಲು ಅದು.

ಬೇಲಿಯಾಚೆಯಿಂದ ಪಕ್ಕದ ಮನೆಯ ವರ್ನಾ ಕತ್ತು ಚಾಚಿದಳು. "ಕ್ಲೈಡ್, ನಿಮ್ಮ ನಾಯಿ ಬಾಯಲ್ಲಿ ಏನೋ ನೇತಾಡ್ತಾ ಇದೆ. ಅಯ್ಯೋ, ಅದು ಹೆಣ್ಣು ನಾಯಿ ಅಲ್ವೇನೋ?"

ಕ್ಲೈಡ್‌ಗೆ ಅಲ್ಲಿಯವರೆಗೆ ಅದು ಹೊಳೆದೇ ಇರಲಿಲ್ಲ. ಕೋಲನ್ನು ಕಂಬಳಿಯಲ್ಲಿ ಸುತ್ತಿ ಪಿಕಪ್‌ಗೆ ಹಾರಿದ.

ಕೋಲು ಮಾಡುವ ಆಲ್ಟನ್‌ನ ಅಂಗಡಿಗೆ ಅವನು ಮುಟ್ಟುವಷ್ಟರಲ್ಲಿ ವರ್ನಾಳ ಫೋನು ಮುಟ್ಟಿಯಾಗಿತ್ತು. ಒಳಗೆ ಇಬ್ಬರು ಗಿರಾಕಿಗಳು ಆಗಲೇ ಜೋರು ಚರ್ಚೆಗೆ ಇಳಿದಿದ್ದರು.

"ಮೂರು ಸಲ ಮರಿ ಹಾಕಿದೆ. ಹೆಣ್ಣು ಅಂದ್ರೆ ಹೆಣ್ಣೇ ಕಣಯ್ಯಾ."

"ಮುಟ್ಟಬಾರದು ಅಂದಿದ್ದು ಕೈಯಲ್ಲಿ. ಅದು ಮುಟ್ಟಿದ್ದು ಹಲ್ಲಲ್ಲಿ!"

"ಪುಣ್ಯಾತ್ಮರೇ, ಸುಮ್ನಿರ್ತೀರಾ?" ಎಂದು ಕ್ಲೈಡ್ ಅಂಗಲಾಚಿದ. "ಆಲ್ಟನ್, ಸಂಜೆಯೊಳಗೆ ಬಲೆ ಹೆಣೆದು ಕೊಡೋ."

"ಚರ್ಮ ನೆನೆಯೋಕೇ ಒಂದು ದಿನ ಬೇಕು ಮಾರಾಯ. ಹೆಣೆಯೋಕೆ ಒಂದು ದಿನ, ಒಣಗೋಕೆ ಇನ್ನೊಂದು. ಬುಧವಾರ ಬಾ." ಆಲ್ಟನ್ ಕ್ಲೈಡ್‌ನ ಮುಖ ನೋಡಿ ನಿಟ್ಟುಸಿರು ಬಿಟ್ಟ. ಏಣಿ ಹಾಕಿ ತೊಲೆಯಿಂದ ಒಂದು ಹಳೇ ಕೋಲು ಇಳಿಸಿ ಧೂಳು ಊದಿದ. "ಇದನ್ನ ತಗೊಂಡು ಹೋಗು. ಅದೇ ಬಾಗು, ಅದೇ ಬಣ್ಣ. ನಮ್ಮಪ್ಪ ಒಂದೇ ಹಿಕರಿ ಮರದಿಂದ ಜೋಡಿ ಮಾಡಿದ್ದಂತೆ. ತನ್ನದಲ್ಲ ಅಂತ ಯಾರೋ ಬಿಟ್ಟು ಹೋದ್ರು, ತನ್ನದು ಅಂತ ಯಾರೂ ಬರ್ಲಿಲ್ಲ."

"ತಾತನಿಗೆ ಗೊತ್ತಾದ್ರೆ?"

"ತೊಂಬತ್ತು ದಾಟಿದೆ. ಮನೇಲಿ ಫೋನಿಲ್ಲ, ಕಿವಿ ಮಂದ. ಕಣ್ಣಿಗೆ ಕೋಲಿಗೂ ಒನಕೆಗೂ ವ್ಯತ್ಯಾಸ ಕಾಣಲ್ಲ. ಎದೆ ಸೆಟೆಸಿ ಮಾತಾಡು, ಯಾರೂ ಕೇಳಲ್ಲ."

ಮಧ್ಯಾಹ್ನ ಅಂಗಳಕ್ಕೆ ಹೋದರೆ ಬಾಗಿಲಲ್ಲೇ ಅತ್ತೆ ಹೆಸ್ಟರ್. ಆಕೆ ಕುಲದ ತಾಯಿ. ಊರಿಗೆ ನಾಯಕರನ್ನು ಆರಿಸುವವರೂ ಆಕೆಯೇ, ಸರಿಯಿಲ್ಲದವರನ್ನು ಇಳಿಸುವವರೂ ಆಕೆಯೇ. ಅಳಿಯನನ್ನು ಮಾತ್ರ ಇಪ್ಪತ್ತು ವರ್ಷದಿಂದ ಇನ್ನೂ ಪರೀಕ್ಷೆ ಮಾಡುತ್ತಲೇ ಇದ್ದರು. ಮೆಕ್ಕೆಜೋಳದ ಸೂಪಿನ ಹಂಡೆಗೆ ಸೌಟು ಹಾಕುತ್ತ ಕೇಳಿದರು: "ನಿಮ್ಮ ನಾಯಿ ಏನೋ ತಿಂದುಬಿಡ್ತಂತಲ್ಲ?"

"ಚಪ್ಪಲಿ ಅತ್ತೆ! ನನ್ನ ಹಳೇ ಚಪ್ಪಲಿ."

"ಪಾಪ," ಎಂದರು ಹೆಸ್ಟರ್. ಪಾಪ ಎಂದದ್ದು ನಾಯಿಗೋ ಚಪ್ಪಲಿಗೋ ಅವನಿಗೆ ತಿಳಿಯಲಿಲ್ಲ.

ಊರಿನವರಿಗೆ ಅಷ್ಟೇ ಸಾಕಾಯಿತು. ಆಮೇಲೆ ಕುರ್ಚಿ ಜೋಡಿಸುತ್ತಿದ್ದ ಕ್ಲೈಡ್‌ನ ಹತ್ತಿರ ಒಬ್ಬೊಬ್ಬರೇ ಬಂದು, ಮುಖ ಗಂಭೀರ ಮಾಡಿಕೊಂಡು, ಹರಿದ ಬೂಟು ಕೊಟ್ಟು ಹೋದರು. "ನಿನ್ನ ನಾಯಿಗೆ ಸಂಜೆ ತಿಂಡಿಗೆ." ನಾಲ್ಕು ಗಂಟೆಗೆ ಏಳು ಜೊತೆಯಾಗಿತ್ತು. ವರ್ನಾ ತಂದದ್ದು ಹಿಮ್ಮಡಿ ಎತ್ತರದ್ದು.

ಆರು ಗಂಟೆಗೆ ಅಂಗಳ ಕಿಕ್ಕಿರಿದಿತ್ತು. ಕ್ಲೈಡ್ ಅಳುಕುತ್ತಲೇ ವೇದಿಕೆ ಹತ್ತಿದ. ಆದರೆ ಮೈಕು ಕೈಗೆ ಬಂದದ್ದೇ ತಡ, ಎಲ್ಲಿತ್ತೋ ಆ ಧೈರ್ಯ, ಬಂದೇ ಬಂತು.

"ಇದು ಸೃಷ್ಟಿಕರ್ತ ನಮಗೆ ಕೊಟ್ಟ ಆಟ. ಮೊದಲು ಪ್ರಾಣಿಗಳಿಗೂ ಪಕ್ಷಿಗಳಿಗೂ ನಡುವೆ ಆಡಿದ್ದು, ಆಮೇಲೆ ನಾವು. ಯಾರಾದ್ರೂ ಕಾಯಿಲೆ ಬಿದ್ರೆ ಅವರಿಗೋಸ್ಕರ ಆಡ್ತಿದ್ವಿ, ಈಗಲೂ ಆಡ್ತೀವಿ. ಆಗೆಲ್ಲ ಅಂಗಳ ಅಂದ್ರೆ ಈ ಹಳ್ಳದಿಂದ ಆ ಗುಡ್ಡದವರೆಗೆ. ಪೇಟೆಯ ಬಿಳಿಯರು ನಮ್ಮಿಂದಲೇ ಕಲಿತ್ರು. ಪುಸ್ತಕದಲ್ಲಿ ನಿಯಮ ಬರೆದ್ರು. ಆ ನಿಯಮ ತೋರಿಸಿ ನಮ್ಮನ್ನೇ ಹೊರಗೆ ಹಾಕಿದ್ರು!"

"ನಾಚಿಕೆಗೆಟ್ಟೋರು!" ಎಂದು ಹಿಂದಿನಿಂದ ಯಾರೋ ಕೂಗಿದರು.

"ಆಮೇಲೆ ಬೇಸಿಗೇಲಿ ಅವರ ಐಸ್ ಹಾಕಿ ಅಂಗಳ ಖಾಲಿ ಬಿತ್ತು. ಗೋಡೆ ಕಟ್ಟಿದ ಆ ಅಂಗಳಕ್ಕೂ ನಮ್ಮವರು ನುಗ್ಗಿದ್ರು. ಅರವತ್ತೆರಡು ವರ್ಷದ ಹಿಂದೆ ನಮ್ಮ ಎಝ್ರಾ ತಾತ, ಇಗೋ, ಇದೇ ಕೋಲು ಹಿಡಿದು, ಪೇಟೆಯವರ ಮೇಲೆ ಏಳು ಗೋಲು ಹೊಡೆದ್ರು! ಅವತ್ತು ಇದ್ದಿದ್ದು ಒಂದು ತಂಡ. ಇವತ್ತು ಹನ್ನೊಂದು, ಅದರಲ್ಲಿ ನಾಲ್ಕು ಹುಡುಗಿಯರದ್ದು!"

ತಗಡಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ ಚಪ್ಪಾಳೆ. ಕ್ಲೈಡ್ ಜೀವನದಲ್ಲಿ ಮೊದಲ ಗೋಲು ಹೊಡೆದವನ ಹಾಗೆ ಉಬ್ಬಿದ. ಎಝ್ರಾ ತಾತ ಮೊಮ್ಮಗನ ತೋಳು ಹಿಡಿದು ಮೇಲೆ ಬಂದರು. ಕೋಲು ತೆಗೆದುಕೊಂಡರು. ಹಿಡಿಯ ಮೇಲೆ ಹೆಬ್ಬೆರಳು ಓಡಿಸಿದರು. ಓಡುತ್ತಿದ್ದ ಬೆರಳು ತಟ್ಟನೆ ನಿಂತಿತು. ತುದಿಗೆ ಸುತ್ತಿದ್ದ ಚರ್ಮ ಸರಿಸಿ, ಒಳಗಿನ ಕೆತ್ತನೆ ತಡವಿದರು.

"ನಾನು ನಿನಗೆ ಕೊಟ್ಟಿದ್ದು ಇದಲ್ಲ," ಎಂದರು.

ಕ್ಲೈಡ್ ಗಡಬಡಿಸಿ ಕೋಲಿಗೆ ಕೈ ಚಾಚಿದ. "ತಾತ, ಅದು... ಏನಾಯ್ತಂದ್ರೆ..."

"ಇದು ನನ್ನ ಕೋಲು!" ತಾತನ ಕಣ್ಣಲ್ಲಿ ನೀರು ಕಿತ್ತುಕೊಂಡು ಬಂತು. "ಈ ಆಮೆ ನಾನೇ ಕೆತ್ತಿದ್ದು, ಹನ್ನೆರಡನೇ ವಯಸ್ಸಲ್ಲಿ. ಎಲ್ಲಿ ಸಿಕ್ತೋ ನಿನಗೆ, ಮಗನೇ? ಅವತ್ತು ಆಟದ ಮಧ್ಯೆ ನಾನೂ ನಮ್ಮ ತಂಡದ ಸೀಲಸ್ಸೂ ಡಿಕ್ಕಿ ಹೊಡೆದು ಬಿದ್ವಿ. ಎದ್ದಾಗ ಕೋಲು ಅದಲು ಬದಲು. ಅವನ ಕೋಲಲ್ಲಿ ಏಳು ಗೋಲು ಬಂತು, ವಾಪಸ್ ಕೊಡೋಕೆ ಮನಸ್ಸೇ ಬರ್ಲಿಲ್ಲ. ಅವನು ಬಂದು ಕೇಳಿದಾಗ 'ನನ್ನ ಹತ್ರ ಇಲ್ಲ' ಅಂದುಬಿಟ್ಟೆ. ಹಾಗಂದ ಮೇಲೆ ನನ್ನದನ್ನ ಯಾವ ಮುಖ ಇಟ್ಕೊಂಡು ಹುಡುಕಲಿ? ಇವತ್ತು ಎದೆ ಹಗುರ ಆಯ್ತು."

ಜನ ಎದ್ದು ನಿಂತು ಕೇಕೆ ಹಾಕಿದರು. ಮಧ್ಯಾಹ್ನ ಬೂಟು ಕೊಟ್ಟವರೇ ಕ್ಲೈಡ್‌ನ ಬೆನ್ನು ತಟ್ಟಿದರು. ಆಲ್ಟನ್ ಮಾತ್ರ ಯಾಕೋ ಮೆಲ್ಲಗೆ ಬಾಗಿಲ ಕಡೆಗೆ ಸರಿಯುತ್ತಿದ್ದ.

ಅಷ್ಟರಲ್ಲಿ ಹೆಸ್ಟರ್ ಎದ್ದರು. ಸದ್ದು ತಾನಾಗಿ ಅಡಗಿತು.

"ಸೀಲಸ್ ನಮ್ಮಪ್ಪ," ಎಂದರು ಆಕೆ. "ಸಾಯೋವರೆಗೂ ಪೇಟೆಯವರು ಕೋಲು ಕದ್ರು ಅಂತ ಬೈತಿದ್ದ. ತನ್ನ ಕೋಲಿಲ್ಲದೆ ಮಣ್ಣಿಗೆ ಹೋದ. ಎಝ್ರಾ, ನಿನ್ನನ್ನ ಆಮೇಲೆ ವಿಚಾರಿಸ್ಕೋತೀನಿ. ಇವತ್ತೇ ನಮ್ಮ ತಮ್ಮಂದಿರು ಅಪ್ಪನ ಕೋಲು ಮನೆಗೆ ತಗೊಂಡು ಹೋಗ್ತಾರೆ." ಅಳಿಯನ ಕಡೆ ತಿರುಗಿದರು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಆ ಮುಖದಲ್ಲಿ ನಗು ಮೂಡಿತ್ತು. "ಕ್ಲೈಡ್, ಕೋಲು ಎಲ್ಲಪ್ಪ?"

"ರಿಪೇರಿಗೆ... ಆಲ್ಟನ್ ಹತ್ರ ಇದೆ, ಅತ್ತೆ."

"ರಿಪೇರಿನಾ? ಅದಕ್ಕೇನಾಗಿತ್ತು?"

ಮುನ್ನೂರು ಜನ ಒಟ್ಟಿಗೆ ಚಾವಣಿ ನೋಡಿದರು. ಆ ಅಂಗಳದಲ್ಲಿ ಉತ್ತರ ಗೊತ್ತಿಲ್ಲದೆ ಇದ್ದವರು ತಾತನನ್ನು ಬಿಟ್ಟರೆ ಹೆಸ್ಟರ್ ಒಬ್ಬರೇ. ಕ್ಲೈಡ್ ಆಲ್ಟನ್‌ನನ್ನು ಹುಡುಕಿ ಬಾಗಿಲ ಕಡೆ ನೋಡಿದ.

ಮುಂದಿನ ಸಾಲಿನಿಂದ ವರ್ನಾ ಅಕ್ಕರೆಯಿಂದ ಹೇಳಿದಳು: "ಹೇಳಪ್ಪಾ ಕ್ಲೈಡ್, ಹೆದರ್ಕೋಬೇಡ. ಮೈಕು ಇನ್ನೂ ಆನ್ ಇದೆ."