ಕುರಿ ಬಿಟ್ಟು ನನ್ನ ಕಾಲು ಕಾಯ್ದ ಅತ್ತೆ

ಕಾಯಿಲೆ ಬಿದ್ದ ಮನೆಯಲ್ಲಿ ನಗೆ ಇರುವುದಿಲ್ಲ ಅಂತ ಹೇಳಿದವರ ಮನೆಯಲ್ಲಿ ನನ್ನ ಅತ್ತೆಯಂಥ ಅತ್ತೆ ಇರಲಿಲ್ಲ, ಅಷ್ಟೇ. ನಮ್ಮಲ್ಲಿ ದಿನಕ್ಕೊಂದು ತಮಾಷೆ ಆಗುತ್ತಲೇ ಇತ್ತು.

ನಾನು ಬೀದರಿನಲ್ಲಿ ಕನ್ನಡ ಟೀಚರ್. ಹನ್ನೊಂದು ವರ್ಷದ ಹಿಂದೆ ಭಾಲ್ಕಿಯಲ್ಲಿ ಬಸ್ಸಿನಿಂದ ಅವಸರದಲ್ಲಿ ಇಳಿಯಲು ಹೋಗಿ ಬಿದ್ದು ಬಲಪಾದದ ಕೀಲು ಮುರಿದುಕೊಂಡಿದ್ದೆ. ಎಲುಬು ಕೂಡಿತು, ಕುಂಟು ಹೋಗಲಿಲ್ಲ. ಕೀಲು ಸವೆದೂ ಸವೆದೂ ಕೊನೆಗೆ ಈ ವರ್ಷ ಡಾಕ್ಟರು ಅದನ್ನು ತೆಗೆದು ಹೊಸ ಕೀಲು ಕೂಡಿಸಿದರು. ಇಷ್ಟು ವರ್ಷ ಕುಂಟಿದ್ದಕ್ಕೆ ಮೀನಖಂಡ ಸೆಡೆತುಕೊಂಡಿತ್ತು. ಅದನ್ನೂ ಸ್ವಲ್ಪ ಉದ್ದ ಮಾಡಿದರು. "ಆರು ವಾರ ಆ ಕಾಲು ನೆಲಕ್ಕೆ ಊರಬೇಡಿ. ಆಮೇಲೆ ಕುಂಟು ಹೋಗೋದು ಬಿಡೋದು ನಿಮ್ಮ ವ್ಯಾಯಾಮದ ಮೇಲೆ" ಅಂದರು.

ಯಜಮಾನರು ಬೆಳಿಗ್ಗೆ ಔರಾದಿನ ಆಫೀಸಿಗೆ ಹೋದರೆ ಬರುವುದು ಸಂಜೆಗೇ. ಹಾಗಾಗಿ ಸಂತಪುರದಿಂದ ಅತ್ತೆ ಬಂದರು. ಜೀವಮಾನವೆಲ್ಲ ಕುರಿ ಕಾಯ್ದವರು, ಕುರಿಗಳನ್ನು ನನ್ನ ಮೈದುನನಿಗೆ ಒಪ್ಪಿಸಿ ಬಂದಿದ್ದರು. ಚೀಲ ಕೆಳಗಿಡುತ್ತಲೇ, "ನೀ ನೆಟ್ಟಗ ನಡದದ್ದು ನೋಡೇ ಊರಿಗಿ ಹೋಗ್ತೇನಿ" ಅಂದರು. ಬೇಗ ನಡೆಯುವಂತಾಗಲಿ, ಇಬ್ಬರಿಗೂ ಬಿಡುಗಡೆ ಸಿಗಲಿ ಅಂತ ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

ಗಂಟೆ

ಅಷ್ಟು ಪೆಟ್ಟು ತಿಂದರೂ ನನ್ನ ಅವಸರ ಹೋಗಿರಲಿಲ್ಲ. ಎರಡನೆಯ ವಾರಕ್ಕೇ, ಅತ್ತೆ ಹಿತ್ತಲಲ್ಲಿ ಇದ್ದಾಗ, ವಾಕರ್ ಹಿಡಿದು ಒಂಟಿಕಾಲಲ್ಲಿ ಅಡಿಗೆಮನೆಗೆ ಹೋಗಿ ಚಹಾ ಇಟ್ಟೆ. ಸಕ್ಕರೆ ಹಾಕುವಷ್ಟರಲ್ಲಿ ಸಿಕ್ಕಿಬಿದ್ದೆ. ಅತ್ತೆ ಬೈಯಲಿಲ್ಲ. ಮರುದಿನ ಊರಿನಿಂದ ಬರುವವರ ಕೈಯಲ್ಲಿ ಒಂದು ಗಂಟು ತರಿಸಿದರು. ಬಿಚ್ಚಿದರೆ ಕುರಿಯ ಕೊರಳಿಗೆ ಕಟ್ಟುವ ಗಂಟೆ. ಅದನ್ನು ನನ್ನ ವಾಕರಿಗೆ ಬಿಗಿದು ಕಟ್ಟಿ ಒಮ್ಮೆ ಅಲ್ಲಾಡಿಸಿ ನೋಡಿದರು.

"ಅತ್ತಿ, ನಾ ಏನ್ ಕುರಿ ಏನ್ರಿ?" ಅಂದೆ ಸಿಟ್ಟಿನಿಂದ.

"ಅಲ್ಲ ಮಗಳ. ಕುರಿ ಹೇಳಿದ್ದು ಕೇಳ್ತದ."

ನಾಕು ಬೆರಳು

ಆಪರೇಷನ್ ಆದವರನ್ನು ಮಾತಾಡಿಸಲು ಹೋಗದಿದ್ದರೆ ನಮ್ಮ ಕಡೆ ಸಂಬಂಧವೇ ಮುರಿದಂತೆ. ಭಾತಂಬ್ರಾದಿಂದ ನನ್ನ ಚಿಗವ್ವ ಬಾಳೆಹಣ್ಣು ಹಿಡಿದು ಬಂದಳು. ಬಂದವಳೇ ಹತ್ತು ನಿಮಿಷ ಅತ್ತಳು. ಕಣ್ಣೊರೆಸಿಕೊಂಡು ಏನೇನು ಮಾಡಿದರು ಅಂತ ಕೇಳಿದಳು. ಮೀನಖಂಡ ಉದ್ದ ಮಾಡಿದ್ದು ಹೇಳಿದ್ದೇ ತಪ್ಪಾಯಿತು.

"ಒಂದೇ ಕಾಲು ಉದ್ದ ಮಾಡ್ಯಾರ? ಮತ್ತ ಇನ್ನೊಂದು ಗಿಡ್ಡ ಆಗಂಗಿಲ್ಲೇನು?"

ಎಲುಬು ಉದ್ದ ಮಾಡುವುದಲ್ಲ, ಹಿಮ್ಮಡಿ ನೆಲಕ್ಕೆ ಹತ್ತಲಿ ಅಂತ ಹಿಂದಿನ ಸ್ನಾಯು ಸಡಿಲಿಸುವುದು ಅಂತ ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದೆ. ಚಿಗವ್ವ ಎಲ್ಲ ತಿಳಿದವಳಂತೆ ತಲೆಯಾಡಿಸಿದಳು. "ತಿಳೀತು ಬಿಡು. ಆದರ ಎರಡೂ ಮಾಡಿಸ್ಬೇಕಿತ್ತು. ನೀ ಮದಲೇ ಗಿಡ್ಡ, ನಾಕು ಬೆರಳು ಎತ್ತರ ಆಗ್ತಿದ್ದಿ."

ಮೂಲೆಯಲ್ಲಿ ಕಾಳು ಆರಿಸುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ. "ಬ್ಯಾಡ್ರಿ ಬೀಗ್ತಿ. ಈಗೇ ನನ್ನ ಮಗ ಆಕಿ ಮುಂದ ತಗ್ಗಿ ನಿಂದರ್ತಾನ."

ಹೆಬ್ಬೆರಳಿನ ಅಕ್ಷರ

ಆರು ವಾರದ ನಂತರ ವ್ಯಾಯಾಮ ಶುರುವಾಯಿತು. ಫಿಸಿಯೋಥೆರಪಿ ಡಾಕ್ಟರಮ್ಮ ಮನೆಗೆ ಬಂದು, ಕಾಲಿನ ಹೆಬ್ಬೆರಳಿನಿಂದ ಗಾಳಿಯಲ್ಲಿ ಎ ಬಿ ಸಿ ಡಿ ಬರೆಯಲು ಹೇಳಿದರು. ಕನ್ನಡ ಟೀಚರ್ ಬಿಟ್ಟೇನೆಯೇ? ಅ ಆ ಇ ಈ ಬರೆಯುತ್ತೇನೆ ಅಂದೆ. ಇಂಗ್ಲಿಷಿಗಿಂತ ಅಕ್ಷರ ಹೆಚ್ಚು, ಸುತ್ತು ಹೆಚ್ಚು. ಋ ಬರೆಯುವಷ್ಟರಲ್ಲಿ ಕಣ್ಣಲ್ಲಿ ನೀರು ಬಂತು. ಕುಂಟು ಉಳಿದುಬಿಟ್ಟರೆ ಅನ್ನುವ ಹೆದರಿಕೆ ನೋವಿಗಿಂತ ದೊಡ್ಡದಿತ್ತು, ಬರೆದೆ.

ಅತ್ತೆಗೆ ಸಿಟ್ಟು ಬಂತು. "ಸಾಲಿ ಕಲಸೋಕಿ ಆಗಿ ಅಕ್ಷರ ಕಾಲಿಲಿ ಬರೀತೀ? ಪುಸ್ತಕಕ್ಕ ಕಾಲು ತಾಗಿದ್ರ ಕಣ್ಣಿಗಿ ಒತ್ತಿಕೊಂತಾರ."

ಇದು ಔಷಧ ಅಂದೆ. ಹಾಗಾದರೆ ಮುಗಿದ ಮೇಲೆ ಗಾಳಿ ಮುಟ್ಟಿ ಕಣ್ಣಿಗೆ ಒತ್ತಿಕೋ ಅಂದರು. ದಿನಾ ಹಾಗೇ ಮಾಡಿದೆವು. ಮಾಡಿದೆವು ಅಂದೆ, ಯಾಕೆಂದರೆ ನಾಲ್ಕನೇ ದಿನಕ್ಕೆ, ಶಾಲೆಯ ಮುಖ ನೋಡದ ಅತ್ತೆ ನನ್ನ ಪಕ್ಕದಲ್ಲೇ ಕಾಲು ಚಾಚಿ ಕೂತು ನನ್ನ ಹೆಬ್ಬೆರಳು ನೋಡಿಕೊಂಡು ಬರೆಯತೊಡಗಿದ್ದರು. ತಿಂಗಳೊಳಗೆ ತಮ್ಮ ಹೆಸರಿನ ಅಕ್ಷರ ಅಷ್ಟೂ ಕಲಿತರು. ನನಗೆ ಹಿಡಿಸಲಾರದಷ್ಟು ಸಂತೋಷವಾಗಿ ಪಾಟಿ, ಬಳಪ ತಂದು ಅವರ ಕೈಗೆ ಕೊಟ್ಟು, "ಬರೀರಿ ಅತ್ತಿ" ಅಂದೆ.

ಅತ್ತೆ ಬಳಪವನ್ನು ಅತ್ತಿತ್ತ ತಿರುಗಿಸಿ ನೋಡಿದರು. "ಕೈಲಿ ಹ್ಯಾಂಗ ಬರೀದು ಅಂತ ನೀ ಇನ್ನಾ ಹೇಳಿಕೊಟ್ಟಿಲ್ಲ" ಅಂದರು.

ನಡೆಸಿ ನೋಡಿದ್ದು

ಮೂರು ತಿಂಗಳಾದವು. ಒಂದು ಬೆಳಿಗ್ಗೆ ಕೋಣೆಯಲ್ಲಿ ಒಬ್ಬಳೇ ಇದ್ದಾಗ ಹಿಮ್ಮಡಿ ಪೂರ್ತಿ ನೆಲಕ್ಕೆ ಹತ್ತಿತು. ನಾಲ್ಕು ಹೆಜ್ಜೆ ಹಾಕಿದೆ. ಹನ್ನೊಂದು ವರ್ಷದ ಕುಂಟು ಇರಲಿಲ್ಲ. ಗೋಡೆ ಹಿಡಿದು ಅತ್ತುಬಿಟ್ಟೆ. ಮರುಕ್ಷಣವೇ ನೆನಪಾಯಿತು, ಇನ್ನು ಅತ್ತೆ ಹೊರಡುತ್ತಾರೆ. ಬೇಗ ಹೋಗಲಿ ಅಂತ ಬೇಡಿಕೊಂಡವಳಿಗೆ ಈಗ ಹಗಲೆಲ್ಲ ಈ ಮನೆಯಲ್ಲಿ ಒಬ್ಬಳೇ ಹೇಗಿರಲಿ ಅನ್ನಿಸಿತು.

ಅತ್ತೆಗೆ ಗೊತ್ತಾಗದೆ ಇರುತ್ತದೆಯೇ? ಮರುದಿನ ಚೀಲ ಕಟ್ಟಿಟ್ಟು ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತರು. "ನಡಿ, ನೋಡ್ತೇನಿ."

ಮೂವತ್ತು ವರ್ಷದ ಹಿಂದೆ ಹೆಣ್ಣು ನೋಡಲು ಬಂದಾಗಲೂ ಇದೇ ಅತ್ತೆ, ಕಾಲು ನೆಟ್ಟಗಿದೆಯೋ ಇಲ್ಲವೋ ಅಂತ ನನ್ನನ್ನು ಹೀಗೇ ನಡೆಸಿ ನೋಡಿದ್ದರು. ಅಂದು ಮೈಯೆಲ್ಲ ಉರಿದಿತ್ತು, ಆದರೂ ನೆಟ್ಟಗೆ ನಡೆದಿದ್ದೆ. ಇಂದು ಬೇಕಂತಲೇ ಕುಂಟಿದೆ. ಬಾಗಿಲ ತನಕ ಕುಂಟುತ್ತಾ ಹೋಗಿ, ಕುಂಟುತ್ತಾ ಬಂದೆ.

"ಡಾಕ್ಟರ್ ಕೊಯ್ದದ್ದು ಯಾವ ಕಾಲು?" ಅತ್ತೆ ಕೇಳಿದರು.

"ಬಲಗಾಲು ರಿ."

"ಹೋಗೂಮುಂದ ಬಲಗಾಲು ಕುಂಟ್ತು. ಬರೂಮುಂದ ಎಡಗಾಲು ಕುಂಟ್ತು."

"ನೀವು ಹೋಗ್ತೀರಲ್ರಿ ಅತ್ತಿ" ಅಂದೆ.

ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು ಒಳಗೆ ಹೋಗಿ ನನ್ನ ಮೈದುನನಿಗೆ ಫೋನ್ ಹಚ್ಚಿದರು. ಅವರ ಫೋನಿನ ಮಾತು ಯಾವಾಗಲೂ ಓಣಿಗೆಲ್ಲ ಕೇಳುತ್ತದೆ.

"ತಮ್ಮಾ, ನಿಮ್ಮ ವೈನಿ ಬಲಗಾಲು ಆರಾಮ ಆಗ್ಯಾದ. ಈಗ ಬ್ಯಾನಿ ಎಡಗಾಲಿಗಿ ಬಂದದ. ಇನ್ನಾ ಹದಿನೈದು ದಿನ ಕುರಿ ನೀನೇ ನೋಡ್ಕೋ."